ಬಾಯಿ ಬಿಟ್ಟು ಹೇಳಿ: ವಸಡಿನ ರಕ್ತ, ಎದೆಯ ಭಯ, ಮುಂಜಾನೆಯ ನಡಿಗೆ

ಕಳೆದ ತಿಂಗಳು ಬುದ್ಧಿಹಲ್ಲಿನ ಬಗ್ಗೆ ಬರೆದಿದ್ದೆ. ಅದರದೇ ಪ್ರಶ್ನೆಗಳು ಬಂದಿರಬಹುದು ಎಂದು ಅಂಚೆ ಬಿಚ್ಚಿದರೆ ಹದಿನೇಳು ಪತ್ರಗಳಲ್ಲಿ ಹನ್ನೊಂದು ಎದೆಯ ಬಗ್ಗೆ! ಕಾರಣ ಆಮೇಲೆ ತಿಳಿಯಿತು. ‘ಹಲ್ಲುಜ್ಜುವಾಗ ರಕ್ತ ಬಂದರೆ ಆರು ತಿಂಗಳಲ್ಲಿ ಹಾರ್ಟ್ ಅಟ್ಯಾಕ್ ಖಚಿತ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶವೊಂದು ಬೀದರಿನಿಂದ ಯಾದಗಿರಿಯವರೆಗೆ ಮನೆಮನೆ ಸುತ್ತುತ್ತಿದೆ. ನನ್ನ ನಾದಿನಿ ಅದನ್ನು ನನಗೇ ಕಳುಹಿಸಿದ್ದಾಳೆ, ‘ವೈನಿ, ನಿಮಗೂ ಗೊತ್ತಿರಲಿ’ ಎಂಬ ಒಕ್ಕಣೆಯೊಂದಿಗೆ. ಇಪ್ಪತ್ತೇಳು ವರ್ಷಗಳಿಂದ ಕಲಬುರಗಿಯ ಶಹಾಬಜಾರದಲ್ಲಿ ಕುಳಿತು ಜನರ ವಸಡನ್ನೇ ನೋಡುತ್ತಿರುವವಳಿಗೆ! ಇರಲಿ. ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಡುತ್ತೇನೆ. ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ, ಪತ್ರಗಳನ್ನು ತುಸು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ಶರಣು. ನನಗೆ 54 ವರ್ಷ, ಕಿರಾಣಿ ಅಂಗಡಿ ಇದೆ. ಶುಗರ್ ಇದೆ, ಗುಳಿಗೆ ನುಂಗುತ್ತೇನೆ. ಎರಡು ತಿಂಗಳಿಂದ ಗೆಳೆಯರೊಂದಿಗೆ ನಸುಕಿನಲ್ಲಿ ಕೋಟೆ ಬೆಟ್ಟ ಹತ್ತುತ್ತಿದ್ದೇನೆ. ಅರ್ಧ ಏರಿದ ಮೇಲೆ ಕೆಳದವಡೆ ಎಡಗಡೆ ಜಗ್ಗಿದಂತೆ ನೋಯುತ್ತದೆ. ಕಲ್ಲಿನ ಮೇಲೆ ಐದು ನಿಮಿಷ ಕುಳಿತರೆ ಹೋಗುತ್ತದೆ. ಅದೇ ಕಡೆ ಒಂದು ದವಡೆ ಹಲ್ಲು ಹುಳುಕಾಗಿದೆ, ವಸಡಿನಲ್ಲೂ ಆಗಾಗ ರಕ್ತ ಬರುತ್ತದೆ. ಹಲ್ಲು ಕೀಳಿಸಿಬಿಡಲೇ? (ಯಾದಗಿರಿಯ ಓದುಗರು)

ಉತ್ತರ: ಈ ಪತ್ರಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಹಾಗಿರಲಿಲ್ಲ. ಓದಿದ ಸಂಜೆಯೇ ಫೋನ್ ಮಾಡಿ, ‘ಅಣ್ಣಾವರೇ, ನಾಳೆ ಬೆಟ್ಟ ಹತ್ತಬೇಡಿ. ಹಲ್ಲಿನ ಮಾತು ಆಮೇಲೆ, ಮೊದಲು ಇಸಿಜಿ ಮಾಡಿಸಿ’ ಎಂದೆ. ‘ಹಲ್ಲು ನೋವಿಗೆ ಇಸಿಜಿಯೇ?’ ಎಂದು ನಕ್ಕರು. ನಾನು ನಗಲಿಲ್ಲ. ಈಗ ಆಂಜಿಯೋಗ್ರಾಂ ಆಗಿದೆ, ಹೃದಯದ ಗುಳಿಗೆಗಳು ಶುರುವಾಗಿವೆ. ಅವರ ಒಪ್ಪಿಗೆ ಪಡೆದೇ ಪತ್ರವನ್ನು ಇಲ್ಲಿ ಹಾಕಿದ್ದೇನೆ.

ಹಲ್ಲಿನ ನೋವಿಗೆ ತನ್ನದೇ ಸ್ವಭಾವವಿದೆ. ಬಿಸಿ ಚಹಾ ಅಥವಾ ತಣ್ಣೀರು ತಗುಲಿದರೆ ಝುಮ್ಮೆನ್ನುತ್ತದೆ, ಆ ಹಲ್ಲಿನಿಂದ ಕಡಿದರೆ ಚುಚ್ಚುತ್ತದೆ, ರಾತ್ರಿ ತಲೆ ದಿಂಬಿಗಿಟ್ಟ ಮೇಲೆ ಹೆಚ್ಚಾಗುತ್ತದೆ. ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸಲು ಬರುತ್ತದೆ. ಬೆಟ್ಟ ಏರುವಾಗ ಬಂದು, ಕುಳಿತ ಕೂಡಲೇ ಎದ್ದು ಹೋಗುವಷ್ಟು ಸೌಜನ್ಯ ಹುಳುಕು ಹಲ್ಲಿಗೆ ಇಲ್ಲ. ಶ್ರಮಪಟ್ಟಾಗ ಬಂದು ವಿಶ್ರಮಿಸಿದ ಕೆಲವೇ ನಿಮಿಷಗಳಲ್ಲಿ ಇಳಿಯುವ ನೋವು ಎದೆಯಲ್ಲಿರಲಿ, ತೋಳಿನಲ್ಲಿರಲಿ, ದವಡೆಯಲ್ಲಿರಲಿ, ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು. ಆಂಜೈನಾ ಎನ್ನುವುದು ಇದನ್ನೇ. ಹೃದಯದ ನರಗಳೂ ದವಡೆಯ ನರಗಳೂ ಮಿದುಳಿಗೆ ಸುದ್ದಿ ಒಯ್ಯುವ ದಾರಿಯಲ್ಲಿ ಒಂದೆಡೆ ಕೂಡುತ್ತವೆ. ಹೀಗಾಗಿ ಎದೆಯ ಪತ್ರ ದವಡೆಯ ವಿಳಾಸಕ್ಕೆ ಬಟವಾಡೆಯಾಗುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೃದಯಕ್ಕೆ ರಕ್ತ ಕಡಿಮೆಯಾದ 186 ರೋಗಿಗಳನ್ನು ವಿಚಾರಿಸಿದಾಗ ನೂರಕ್ಕೆ ಆರು ಮಂದಿಗೆ ಮುಖ, ದವಡೆ, ಗಂಟಲಿನ ಭಾಗದ ನೋವೊಂದೇ ಲಕ್ಷಣವಾಗಿತ್ತು, ಎದೆ ನೋವು ಇರಲೇ ಇಲ್ಲ. ಶುಗರ್ ಇರುವವರಲ್ಲಂತೂ ಎದೆ ನೋವು ಮಂಕಾಗಿಯೇ ಇರುವುದುಂಟು.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದರೆ ಚೆನ್ನಾಗಿರುತ್ತಿತ್ತು. ತಪ್ಪು ಮಾಡಿ ಕಲಿತೆ. ಕ್ಲಿನಿಕ್ ತೆರೆದ ಮೂರನೆಯ ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸೊಬ್ಬರು ಕೆಳದವಡೆ ನೋವೆಂದು ಬಂದರು. ಎಕ್ಸ್‌ರೇಯಲ್ಲಿ ಒಂದು ಹಲ್ಲಿನ ಬೇರು ಅನುಮಾನಾಸ್ಪದವಾಗಿ ಕಂಡಿತು. ರೂಟ್ ಕೆನಾಲ್ ಮಾಡಿದೆ. ನೋವು ಹೋಗಲಿಲ್ಲ. ಪಕ್ಕದ ಹಲ್ಲಿನ ಮೇಲೆ ಸಂಶಯ ಬಂತು, ಅದನ್ನೂ ಕೊರೆದೆ. ಮತ್ತೆ ಬಂದರು. ಆಗ ಮಾತ್ರ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ‘ಅವ್ವಾ, ಯಾವಾಗ ನೋಯುತ್ತದೆ?’ ರೊಟ್ಟಿ ತಿನ್ನುವಾಗ ಎನ್ನುತ್ತಾರೆ ಎಂದುಕೊಂಡಿದ್ದೆ. ತಿನ್ನುವಾಗ ಅಲ್ಲವಂತೆ, ಬಡಿಯುವಾಗ! ಮೊದಲ ಹತ್ತು ಹನ್ನೆರಡು ರೊಟ್ಟಿಗೆ ಏನೂ ಇಲ್ಲ. ಕೊಣಮಿಗೆಯಲ್ಲಿ ಹಿಟ್ಟು ನಾದಿ, ಎರಡೂ ಕೈಯಿಂದ ಒಂದೇ ಸಮ ತಟ್ಟುತ್ತ ಇಪ್ಪತ್ತರ ಹತ್ತಿರ ಬಂದಾಗ ದವಡೆ ಹಿಡಿದುಕೊಳ್ಳುತ್ತದೆ. ಒಲೆಯ ಮುಂದಿನಿಂದ ಎದ್ದು ಹೊರಗೆ ಗಾಳಿಗೆ ಕುಳಿತರೆ ಬಿಡುತ್ತದೆ. ಅವತ್ತೇ ಹೃದಯದ ವೈದ್ಯರ ಬಳಿ ಕಳುಹಿಸಿದೆ. ಎರಡು ರಕ್ತನಾಳಗಳು ಕಿರಿದಾಗಿದ್ದವು. ಬದುಕಿಕೊಂಡರು. ಕೊರೆದ ಆ ಎರಡು ಹಲ್ಲುಗಳ ಹಣ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಪ್ರತಿ ಎಳ್ಳ ಅಮಾವಾಸ್ಯೆಗೆ ಅವರ ಮನೆಯಿಂದ ಸಜ್ಜೆ ರೊಟ್ಟಿ, ಭಜ್ಜಿ ಈಗಲೂ ಬರುತ್ತದೆ. ತಿನ್ನುವಾಗ ಪ್ರತಿ ಸಲ ನನಗೆ ತುಸು ನಾಚಿಕೆಯಾಗುತ್ತದೆ.

ಯಾದಗಿರಿಯ ಅಣ್ಣನವರ ಹುಳುಕು ಹಲ್ಲು ನಿಜವಾದದ್ದೇ, ವಸಡಿನ ರಕ್ತವೂ ನಿಜವಾದದ್ದೇ. ಹೃದಯದ ವೈದ್ಯರು ‘ಆಗಬಹುದು’ ಎಂದ ಮೇಲೆ ಎರಡಕ್ಕೂ ಚಿಕಿತ್ಸೆ ಮಾಡಿಸಲಿ. ಇಂಥ ನೋವು ಹತ್ತು ನಿಮಿಷ ಕುಳಿತರೂ ಇಳಿಯದಿದ್ದರೆ, ಬೆವರು, ಉಬ್ಬಸ, ವಾಕರಿಕೆ ಜೊತೆಗೂಡಿದರೆ ಯಾರೂ ಹಲ್ಲಿನ ಡಾಕ್ಟರ್ ಬಾಗಿಲು ತಟ್ಟಬೇಡಿ, 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳುಹಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.

ಪ್ರಶ್ನೆ: ನಾನು 68 ವರ್ಷದ ನಿವೃತ್ತ ಗಣಿತ ಮಾಸ್ತರ. ಪಬ್ಲಿಕ್ ಗಾರ್ಡನ್‌ನಲ್ಲಿ ದಿನಾ ಮುಂಜಾನೆ 5 ಕಿ.ಮೀ. ನಡೆಯುತ್ತೇನೆ. ಬಿ.ಪಿ. ಇಲ್ಲ, ಶುಗರ್ ಇಲ್ಲ. ಆದರೆ ಹಲ್ಲುಜ್ಜಿದಾಗ ಬೇಸಿನ್ ಕೆಂಪಾಗುತ್ತದೆ. ಆ ಮೆಸೇಜ್ ನಿಜವೇ? ಇಷ್ಟು ನಡೆಯುವವನಿಗೂ ವಸಡು ರೋಗ ಬರುತ್ತದೆಯೇ? ಹಲ್ಲು ಕ್ಲೀನ್ ಮಾಡಿಸಿದರೆ ಹೃದಯಕ್ಕೆ ಲಾಭವೇ? ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎನ್ನುತ್ತಾರಲ್ಲ? ಲೆಕ್ಕ ಸಹಿತ ಉತ್ತರಿಸಬೇಕು. (ಕಲಬುರಗಿಯ ಓದುಗರು)

ಉತ್ತರ: ಮಾಸ್ತರರೇ, ಆ ಮೆಸೇಜಿನ ‘ಆರು ತಿಂಗಳು’ ಶುದ್ಧ ಸುಳ್ಳು, ‘ಖಚಿತ’ ಇನ್ನೂ ದೊಡ್ಡ ಸುಳ್ಳು. ಆದರೆ ವಸಡಿಗೂ ಹೃದಯಕ್ಕೂ ನಂಟಿದೆ ಎನ್ನುವುದು ಸುಳ್ಳಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ಪೂರ್ತಿ ಸುಳ್ಳಾಗಿದ್ದರೆ ಅಳಿಸಿ ಹಾಕಿ ಎನ್ನಬಹುದಿತ್ತು.

ಲೆಕ್ಕ ಕೇಳಿದ್ದೀರಿ, ತೆಗೆದುಕೊಳ್ಳಿ. 1989ರಲ್ಲಿ ಫಿನ್ಲೆಂಡಿನ ವೈದ್ಯರು ಆಗಷ್ಟೇ ಹೃದಯಾಘಾತವಾಗಿದ್ದ 100 ಜನರ ಬಾಯಿಯನ್ನು 102 ಇತರರ ಬಾಯಿಯೊಂದಿಗೆ ಹೋಲಿಸಿದರು. ಹೃದಯಾಘಾತವಾದವರ ಬಾಯಿ ಹೆಚ್ಚು ಕೆಟ್ಟಿತ್ತು. ಅಲ್ಲಿಂದ ಈ ಚರ್ಚೆಗೆ ಕಾವೇರಿತು. 2016ರಲ್ಲಿ ಸ್ವೀಡನ್ನಿನವರು ಇನ್ನೂ ಅಚ್ಚುಕಟ್ಟಾಗಿ ಮಾಡಿದರು: ಮೊದಲ ಸಲ ಹೃದಯಾಘಾತವಾದ 805 ಜನ, ಅವರಿಗೆ ಜೋಡಿಯಾಗಿ ಆಘಾತವಾಗದ 805 ಜನ. ಮೊದಲ ಗುಂಪಿನಲ್ಲಿ ನೂರಕ್ಕೆ 43 ಮಂದಿಗೆ ವಸಡು ರೋಗ, ಎರಡನೆಯದರಲ್ಲಿ 33 ಮಂದಿಗೆ. ಬೀಡಿ-ಸಿಗರೇಟು, ಶುಗರ್ ಇತ್ಯಾದಿಗಳನ್ನು ಲೆಕ್ಕದಿಂದ ಕಳೆದ ಮೇಲೂ ಸುಮಾರು ಶೇ 28ರಷ್ಟು ವ್ಯತ್ಯಾಸ ಉಳಿಯಿತು. ಎರಡನೆಯ ಗುಂಪನ್ನು ಗಮನಿಸಿದಿರಾ? ಹೃದಯ ನೆಟ್ಟಗಿದ್ದವರಲ್ಲೂ ಮೂವರಲ್ಲಿ ಒಬ್ಬರಿಗೆ ವಸಡು ರೋಗವಿತ್ತು. ಮೆಸೇಜಿನ ‘ಖಚಿತ’ ಅಲ್ಲಿಗೇ ಬಿದ್ದುಹೋಯಿತು.

ಇನ್ನು ನಂಟು ಬೇರೆ, ಕಾರಣ ಬೇರೆ. ಮಳೆಗಾಲದಲ್ಲಿ ಕೊಡೆಗಳೂ ಕಾಣುತ್ತವೆ, ಕಪ್ಪೆಗಳೂ ಕಾಣುತ್ತವೆ. ಕೊಡೆ ಬಿಚ್ಚಿದ್ದರಿಂದ ಕಪ್ಪೆ ಬಂತು ಎನ್ನುತ್ತೇವೆಯೇ? ಇಲ್ಲಿ ಮಳೆಯೆಂದರೆ ತಂಬಾಕು, ಶುಗರ್, ವಯಸ್ಸು, ಬಡತನ. ಇವು ವಸಡನ್ನೂ ಕೆಡಿಸುತ್ತವೆ, ರಕ್ತನಾಳವನ್ನೂ ಕೆಡಿಸುತ್ತವೆ. ಆದರೆ ಮಳೆಯನ್ನು ಕಳೆದ ಮೇಲೂ ಒಂದಿಷ್ಟು ಉಳಿಯುತ್ತದೆ ಎಂದೆನಲ್ಲ, ಅದಕ್ಕೆ ಸಿಗುವ ವಿವರಣೆ ಹೀಗಿದೆ. ವಸಡು ರೋಗ ಬಲಿತವರ ಬಾಯಲ್ಲಿ ಹಲ್ಲು ಮತ್ತು ವಸಡಿನ ನಡುವೆ ಜೇಬುಗಳಾಗಿರುತ್ತವೆ. ಆ ಜೇಬುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 8ರಿಂದ 20 ಚದರ ಸೆಂ.ಮೀ. ಹುಣ್ಣು. ಮೊಣಕೈ ಮೇಲೆ ಅಷ್ಟಗಲದ ಹುಣ್ಣು ವರ್ಷಗಟ್ಟಲೆ ಇದ್ದರೆ ಮನೆಯವರು ಸುಮ್ಮನಿರುತ್ತಿದ್ದರೇ? ಬಾಯಲ್ಲಿರುವುದರಿಂದ ಯಾರಿಗೂ ಕಾಣುವುದಿಲ್ಲ. ಅಲ್ಲಿಂದ, ಅಗಿಯುವಾಗಲೂ ಉಜ್ಜುವಾಗಲೂ, ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ರಕ್ತನಾಳದ ಒಳಗಿನ ಕೊಬ್ಬಿನ ಗಡ್ಡೆಗಳಲ್ಲಿ ವಸಡಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಸಿಕ್ಕಿದೆ. ಉರಿಯೂತದ ಸುದ್ದಿ ಪಿತ್ತಜನಕಾಂಗಕ್ಕೆ ಮುಟ್ಟಿ ಅದು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಒಟ್ಟಿನಲ್ಲಿ ರಕ್ತನಾಳಗಳಿಗೆ ನೆಮ್ಮದಿಯಿಲ್ಲ.

ಕ್ಲೀನ್ ಮಾಡಿಸಿದರೆ? 2007ರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ವಸಡು ರೋಗ ಬಲಿತ 120 ಜನರಲ್ಲಿ ಒಂದು ಗುಂಪಿಗೆ ಆಳವಾದ ಚಿಕಿತ್ಸೆ, ಇನ್ನೊಂದಕ್ಕೆ ಮೇಲುಮೇಲಿನ ಸ್ವಚ್ಛತೆ. ಆಳವಾದ ಚಿಕಿತ್ಸೆಯ ಮರುದಿನ ರಕ್ತನಾಳಗಳ ಹಿಗ್ಗುವ ಗುಣ ಇನ್ನಷ್ಟು ಕೆಟ್ಟಿತು, ಕೆದಕಿದ್ದಕ್ಕೆ. ಆರು ತಿಂಗಳ ನಂತರ ನೋಡಿದರೆ ಮೊದಲಿಗಿಂತ ಚೆನ್ನಾಗಿತ್ತು. ಆದರೆ ರಕ್ತನಾಳ ಹಿಗ್ಗಿತು ಎನ್ನುವುದು ಹೃದಯಾಘಾತ ತಪ್ಪಿತು ಎಂದಾಗುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಎಲ್ಲ ಅಧ್ಯಯನಗಳನ್ನು ಜಾಲಾಡಿ ಇದನ್ನೇ ಹೇಳಿತು: ನಂಟಿದೆ, ವಸಡು ರೋಗವೇ ಕಾರಣ ಎಂಬುದು ಸಾಬೀತಾಗಿಲ್ಲ, ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಪ್ಪುತ್ತದೆ ಎಂಬುದೂ ಸಾಬೀತಾಗಿಲ್ಲ. ಆದ್ದರಿಂದ ಯಾರಾದರೂ ‘ಹೃದಯ ರಕ್ಷಣೆಗೆ ದಂತ ಪ್ಯಾಕೇಜ್’ ಎಂದು ಬೋರ್ಡು ಹಾಕಿದ್ದರೆ ಮುಂದೆ ನಡೆಯಿರಿ. ಹಲ್ಲು ಉಳಿಯಲಿ ಎಂದು ಕ್ಲೀನ್ ಮಾಡಿಸಿ, ಎದೆಗೂ ಲಾಭವಾದರೆ ಅದು ಕೊಸರು.

ಈಗ ನಿಮ್ಮ ನಡಿಗೆ. ಅಮೆರಿಕದ ಪುರುಷ ಆರೋಗ್ಯ ವೃತ್ತಿಪರರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದರ ಲೆಕ್ಕ 2003ರಲ್ಲಿ ಬಂತು. ಅತಿ ಹೆಚ್ಚು ಮೈ ದಂಡಿಸುವವರಿಗೆ, ಅತಿ ಕಡಿಮೆ ದಂಡಿಸುವವರಿಗಿಂತ, ವಸಡು ರೋಗದ ಅಪಾಯ ಶೇ 13ರಷ್ಟು ಕಡಿಮೆ. ವ್ಯಾಯಾಮದಿಂದ ಮೈಯೊಳಗಿನ ಉರಿಯೂತ ತಗ್ಗುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದರ ಪಾಲು ವಸಡಿಗೂ ಸಿಗುತ್ತದೆ ಎಂಬುದು ವಿವರಣೆ. ಇನ್ನೊಂದು ಮಾತು: ಆ ಅಧ್ಯಯನಕ್ಕೆ ಸೇರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಂತವೈದ್ಯರೇ! ಹಲ್ಲುಜ್ಜುವುದು ಹೇಗೆಂದು ಬಲ್ಲವರಲ್ಲೂ ಕುಳಿತೇ ಇರುವವರಿಗೆ ರೋಗ ಹೆಚ್ಚು ಬಂತು ಎಂದು ನಾನು ಅದನ್ನು ಓದಿಕೊಂಡೆ, ಓದಿದ ವಾರವೇ ಬೂಟು ಕೊಂಡೆ.

ಆದರೆ ಶೇ 13 ಎಂದರೆ ರಿಯಾಯಿತಿ, ಮನ್ನಾ ಅಲ್ಲ. ಹಲ್ಲಿನ ಬುಡದಲ್ಲಿ ಕೂರುವ ಪಾಚಿಗೆ ನೀವು ಗಾರ್ಡನ್ನಿನಲ್ಲಿ ಎಷ್ಟು ಸುತ್ತು ಹಾಕಿದಿರಿ ಎಂಬುದು ಗೊತ್ತಾಗುವುದಿಲ್ಲ. ಅದನ್ನು ತೆಗೆಯಲು ಬ್ರಷ್ಷೇ ಬೇಕು. ಸ್ಕಾಟ್ಲೆಂಡಿನಲ್ಲಿ 11,869 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಲ್ಲುಜ್ಜುವುದೇ ಅಪರೂಪ ಎನ್ನುವವರಿಗೆ, ದಿನಕ್ಕೆರಡು ಸಲ ಉಜ್ಜುವವರಿಗಿಂತ, ಹೃದಯ-ರಕ್ತನಾಳದ ಕಾಯಿಲೆಯ ಅಪಾಯ ಶೇ 70ರಷ್ಟು ಹೆಚ್ಚಿತ್ತು. ಇದೂ ನಂಟೇ, ಕಾರಣವಲ್ಲ. ಕೊಡೆ-ಕಪ್ಪೆಯನ್ನು ಮರೆಯಬೇಡಿ.

ನಿಮ್ಮ ನಡಿಗೆಯಲ್ಲಿ ನನಗೆ ಕೊರತೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150ರಿಂದ 300 ನಿಮಿಷ, ನಿಮ್ಮದು 400 ದಾಟುತ್ತದೆ. ಬೇಸಿಗೆಯಲ್ಲಿ ಮಾತ್ರ ಆರೂವರೆಯೊಳಗೆ ಮನೆ ಸೇರಿ, ನಮ್ಮೂರಿನ ಮೇ ತಿಂಗಳ ಬಿಸಿಲಿಗೆ ಶಿಸ್ತು ತೋರಿಸಿ ಪ್ರಯೋಜನವಿಲ್ಲ. ಗೇಟಿನ ಹೊರಗೆ ವಾಕಿಂಗ್ ಗೆಳೆಯರ ಗುಂಪು ಮಿರ್ಚಿ ಭಜಿಗೂ ಎರಡೆರಡು ಸಕ್ಕರೆ ಚಹಾಕ್ಕೂ ಸುತ್ತುವರಿದು ನಿಲ್ಲುವುದನ್ನು ನಾನೂ ನೋಡುತ್ತೇನೆ. ಹೆಸರು ಹೇಳುವುದಿಲ್ಲ.

ಕೊನೆಗೆ ಬೇಸಿನ್. ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ಕೆಳತುಟಿ ಜಗ್ಗಿ ನೋಡಿ. ಬಣ್ಣಕ್ಕೆ ಹೆದರಬೇಡಿ, ನಮ್ಮ ಜನರ ವಸಡಿನಲ್ಲಿ ಕಂದು ಮಚ್ಚೆ ಸಹಜ. ಅಂಚನ್ನು ನೋಡಿ. ಆರೋಗ್ಯದ ವಸಡಿನ ಅಂಚು ತೆಳ್ಳಗೆ ಹಲ್ಲಿಗೆ ಅಂಟಿಕೊಂಡಿರುತ್ತದೆ. ಕೆಟ್ಟದ್ದು ಊದಿಕೊಂಡು, ಹೊಳೆಯುತ್ತ, ಬೆರಳು ತಗುಲಿದರೆ ರಕ್ತ ಬಿಡುತ್ತದೆ. ರಕ್ತ ಬರುತ್ತದೆ ಎಂದು ಆ ಜಾಗ ಬಿಟ್ಟು ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಮೆತ್ತನೆಯ ಬ್ರಷ್ಷಿನ ಎಳೆಗಳು ಅರ್ಧ ವಸಡಿನ ಮೇಲೆ, ಅರ್ಧ ಹಲ್ಲಿನ ಮೇಲೆ ಇರುವಂತೆ ಓರೆಯಾಗಿಟ್ಟು, ನಿಂತಲ್ಲೇ ಸಣ್ಣಗೆ ನಡುಗಿಸಿ ಮುಂದಕ್ಕೆ ಸರಿಸಿ. ಬೆಳಿಗ್ಗೆ ಎರಡು ನಿಮಿಷ, ರಾತ್ರಿ ಎರಡು ನಿಮಿಷ. ಹಲ್ಲಿನ ಸಂದಿಗೆ ಪುಟ್ಟ ಸಂದಿ-ಬ್ರಷ್ ಸಿಗುತ್ತದೆ, ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರ ಬಳಿ ಹೋಗಿ. ಮಿಲಿಮೀಟರ್ ಗೆರೆಗಳಿರುವ ತೆಳ್ಳನೆಯ ಸಲಾಕೆಯನ್ನು ವಸಡಿನ ಅಂಚಿನೊಳಗೆ ಇಳಿಸಿ ಅಳೆಯುತ್ತಾರೆ. ಮೂರರವರೆಗೆ ಚಿಂತೆಯಿಲ್ಲ. ನಾಲ್ಕು, ಐದು, ಆರು ಎಂದು ಸಹಾಯಕಿಗೆ ಬರೆಸತೊಡಗಿದರೆ ಜೇಬುಗಳಾಗಿವೆ ಎಂದರ್ಥ. ಅಳೆಯದೆ, ಎಕ್ಸ್‌ರೇ ನೋಡದೆ ‘ಎಲ್ಲ ಸರಿಯಿದೆ’ ಎಂದರೆ, ನೀವು ಗಣಿತ ಮಾಸ್ತರರು, ಹೆಜ್ಜೆ ತೋರಿಸದ ಉತ್ತರಕ್ಕೆ ಎಷ್ಟು ಅಂಕ ಕೊಡುತ್ತಿದ್ದಿರೋ ಅಷ್ಟೇ ಕೊಡಿ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆಯೇ? ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿರುತ್ತೀರಿ. ಸಂದಿಯಲ್ಲಿ ಕಸ ತುಂಬಿ ಗಟ್ಟಿಯಾಗಿ ಕಲ್ಲು ಅಲುಗದೆ ನಿಂತಿದೆ, ಕೆಳಗಿನ ಮಣ್ಣು ಮಾತ್ರ ಇಲಿ ತೋಡಿ ಖಾಲಿಯಾಗಿದೆ. ಕಸ ಕೆರೆದು ತೆಗೆದ ದಿನ ಕಲ್ಲು ಅಲುಗುತ್ತದೆ. ಕೆರೆದವನನ್ನು ಬೈಯುವಿರೋ, ಇಲಿಯನ್ನೋ? ಹಲ್ಲಿನ ಗಾರೆಯ, ಅಂದರೆ ಗಟ್ಟಿಯಾದ ಪಾಚಿಯ, ವಿಷಯವೂ ಇಷ್ಟೇ. ಹಲ್ಲನ್ನು ಹಿಡಿದಿದ್ದ ಎಲುಬು ಆಗಲೇ ಕರಗಿರುತ್ತದೆ.

ಪ್ರಶ್ನೆ: ಮೇಡಂ, ನಮ್ಮ ಮಾವನವರಿಗೆ 63 ವರ್ಷ. ಐದು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಸುವ ಎರಡು ಗುಳಿಗೆ ತೆಗೆದುಕೊಳ್ಳುತ್ತಾರೆ. ಈಗ ಕೆಳಗಿನ ಎರಡು ಹಲ್ಲು ಅಲುಗಾಡಿ ಊಟವೇ ಆಗುತ್ತಿಲ್ಲ. ಓಣಿಯವರೊಬ್ಬರು ‘ಐದು ದಿನ ಗುಳಿಗೆ ಬಿಡಿಸಿ ಆಮೇಲೆ ಕೀಳಿಸಿ, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ’ ಎನ್ನುತ್ತಾರೆ. ಮಾವನವರು ನಾಳೆಯಿಂದಲೇ ಬಿಡುತ್ತೇನೆ ಎಂದು ಕುಳಿತಿದ್ದಾರೆ. (ಹುಮನಾಬಾದಿನ ಓದುಗರು)

ಉತ್ತರ: ತಂಗಿ, ಗುಳಿಗೆ ಬಿಡಿಸಬೇಡ. ಓಣಿಯವರು ಒಳ್ಳೆಯ ಮನಸ್ಸಿನಿಂದ ಹೇಳಿರಬಹುದು, ಆದರೆ ಈ ಸಲಹೆ ಜೀವಕ್ಕೆ ಎರವಾದೀತು. ಸ್ಟೆಂಟ್ ಎಂದರೆ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ. ಹೊಸ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂದೇ ಆಸ್ಪಿರಿನ್ ಜೊತೆ ಇನ್ನೊಂದು ಗುಳಿಗೆಯನ್ನು ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ನಡುವೆ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು. ಹಲ್ಲು ಕಿತ್ತಾಗಿನ ರಕ್ತವನ್ನು ನಾವು ನಿಲ್ಲಿಸಬಲ್ಲೆವು: ಗಾಜ್ ಒತ್ತುತ್ತೇವೆ, ಹೊಲಿಗೆ ಹಾಕುತ್ತೇವೆ, ಹೆಪ್ಪುಗಟ್ಟಿಸುವ ಔಷಧಿ ತುಂಬುತ್ತೇವೆ. ಸಾಮಾನ್ಯಕ್ಕಿಂತ ತುಸು ಹೆಚ್ಚು ಹೊತ್ತು ಒಸರುತ್ತದೆ, ಅಷ್ಟೇ. ಮುಚ್ಚಿದ ಸ್ಟೆಂಟನ್ನು ಮಾತ್ರ ನಾನು ಗಾಜ್ ಒತ್ತಿ ಬಿಡಿಸಲಾರೆ.

ಹೃದಯಾಘಾತವಾದ ಮೊದಲ ನಾಲ್ಕಾರು ವಾರ ತುರ್ತಲ್ಲದ ಹಲ್ಲಿನ ಕೆಲಸವನ್ನು ಮುಂದೂಡುತ್ತೇವೆ. ನಿಮ್ಮ ಮಾವನವರಿಗೆ ಆ ಅವಧಿ ಕಳೆದಿದೆ. ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು. ಹೃದಯದ ವೈದ್ಯರಿಗೂ ಒಂದು ಫೋನ್ ಮಾಡಿಸು. ಮುಂಜಾನೆ ಹೊತ್ತು, ಒಂದು ಸಲಕ್ಕೆ ಒಂದೆರಡು ಹಲ್ಲು. ಕೀಳುವ ಮೊದಲು ಆಂಟಿಬಯೋಟಿಕ್ ಬೇಕೇ ಎಂದು ಹಲವರು ಕೇಳುತ್ತಾರೆ. ಕೃತಕ ಕವಾಟ ಇರುವವರಿಗೆ, ಹಿಂದೆ ಹೃದಯದ ಒಳಪದರದ ಸೋಂಕು ಆಗಿದ್ದವರಿಗೆ, ಕೆಲವು ಬಗೆಯ ಹುಟ್ಟು ಹೃದ್ರೋಗದವರಿಗೆ ಬೇಕು. ಬರೀ ಸ್ಟೆಂಟಿಗೆ ಬೇಡ. ಮತ್ತೆ ಮಾವನವರಿಗೆ ವೈದ್ಯರು ನಡೆಯಲು ಹೇಳಿರುತ್ತಾರೆ, ಹಲ್ಲು ಕಿತ್ತ ದಿನ ಮಾತ್ರ ನಡಿಗೆಗೆ ರಜೆ ಕೊಡಲಿ.

ಪ್ರಶ್ನೆ: ಬಿ.ಪಿ. ಗುಳಿಗೆ ಶುರುಮಾಡಿದ ಎಂಟು ತಿಂಗಳಲ್ಲಿ ಮುಂದಿನ ಹಲ್ಲುಗಳ ನಡುವೆ ವಸಡು ದ್ರಾಕ್ಷಿಯಂತೆ ಬೆಳೆದುಬಿಟ್ಟಿದೆ. ಕ್ಯಾನ್ಸರ್ ಇರಬಹುದೇ? (ಬೀದರಿನ ಓದುಗರು, ಮಹಿಳೆ)

ಉತ್ತರ: ಅಕ್ಕಾ, ಗುಳಿಗೆಯ ಹೆಸರು ಬರೆದಿಲ್ಲ. ಆಮ್ಲೋಡಿಪಿನ್ ಆಗಿದ್ದರೆ ಆಶ್ಚರ್ಯವಿಲ್ಲ, ಕೆಲವರಲ್ಲಿ ಅದು ವಸಡನ್ನು ಬೆಳೆಸುತ್ತದೆ. ಪಾಚಿ ಹೆಚ್ಚಿದ್ದರೆ ಬೆಳವಣಿಗೆಯೂ ಹೆಚ್ಚು. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಿ.ಪಿ. ಏರಿದರೆ ದ್ರಾಕ್ಷಿಗಿಂತ ದೊಡ್ಡ ಗಂಡಾಂತರ. ಕೊಟ್ಟ ವೈದ್ಯರಿಗೆ ತೋರಿಸಿ, ಬೇರೆ ಗುಂಪಿನ ಔಷಧಿಗಳಿವೆ. ಜೊತೆಗೆ ದಂತವೈದ್ಯರನ್ನು ಕಾಣಿ. ಕ್ಲೀನ್ ಮಾಡಿದ ಮೇಲೂ ಕುಗ್ಗದಿದ್ದರೆ ಸ್ವಲ್ಪ ಕತ್ತರಿಸಿ ಪರೀಕ್ಷೆಗೆ ಕಳುಹಿಸುತ್ತಾರೆ, ಆಗ ಕ್ಯಾನ್ಸರಿನ ಅನುಮಾನವೂ ತೀರುತ್ತದೆ.

ಪ್ರಶ್ನೆ: ನಾನು 22 ವರ್ಷದವನು, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದೇನೆ. 1600 ಮೀಟರ್ ಓಟದ ಅಭ್ಯಾಸ, ನಡುವೆ ಎನರ್ಜಿ ಡ್ರಿಂಕ್. ವಸಡಿನಿಂದ ರಕ್ತ ಬರುವುದಿಲ್ಲ, ಆದರೆ ಕೆಳಗೆ ಒಂದು ಕಡೆ ವಸಡು ಇಳಿದು ಹಲ್ಲು ಉದ್ದ ಕಾಣುತ್ತಿದೆ. ದಿನಕ್ಕೆ ನಾಲ್ಕೈದು ಗುಟ್ಕಾ ಇದೆ, ಸುಳ್ಳು ಹೇಳುವುದಿಲ್ಲ. ದೇಹ ಗಟ್ಟಿಯಿರುವಾಗ ವಸಡಿನ ಚಿಂತೆ ಬೇಕೇ? (ಶಹಾಪುರದ ಓದುಗ)

ಉತ್ತರ: ತಮ್ಮಾ, ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಮೊದಲ ಶಹಬ್ಬಾಸ್. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 302 ಕ್ರೀಡಾಪಟುಗಳ ಬಾಯಿ ಪರೀಕ್ಷಿಸಿದರು. ಜಗತ್ತಿನಲ್ಲೇ ಗಟ್ಟಿ ದೇಹಗಳು! ನೂರಕ್ಕೆ 76 ಮಂದಿಗೆ ವಸಡಿನ ಉರಿಯೂತ, 15 ಮಂದಿಗೆ ಬಲಿತ ವಸಡು ರೋಗ, 55 ಮಂದಿಗೆ ಹುಳುಕು. ಬಾಯಿಯ ತೊಂದರೆಯಿಂದ ಅಭ್ಯಾಸಕ್ಕೋ ಆಟಕ್ಕೋ ಪೆಟ್ಟು ಬಿತ್ತು ಎಂದವರು ನೂರಕ್ಕೆ 18. ಓಡುವಾಗ ಬಾಯಿಂದ ಉಸಿರಾಡಿ ಎಂಜಲು ಒಣಗುತ್ತದೆ. ಒಣಗಿದ ಬಾಯಿಗೆ ಸಕ್ಕರೆ ಮತ್ತು ಆಮ್ಲ ತುಂಬಿದ ಡ್ರಿಂಕ್ ಸುರಿದರೆ ಹಲ್ಲು ಸವೆಯುತ್ತದೆ. ನೀರು ಕುಡಿ, ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿ. ಡ್ರಿಂಕ್ ಕುಡಿದೇ ಬಿಟ್ಟರೆ ಬಾಯಿ ಮುಕ್ಕಳಿಸು, ಅರ್ಧ ಗಂಟೆ ಹಲ್ಲುಜ್ಜಬೇಡ.

ರಕ್ತ ಬರುವುದಿಲ್ಲ ಎಂಬ ನಿನ್ನ ಸಮಾಧಾನದ ಬಗ್ಗೆ ನನಗೆ ಸಮಾಧಾನವಿಲ್ಲ. ತಂಬಾಕು ವಸಡಿನ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ರೋಗ ಒಳಗೇ ಬೆಳೆಯುವಾಗಲೂ ರಕ್ತ ಕಾಣದೆ ಇರಬಹುದು. ವಸಡು ಇಳಿದಿರುವ ಜಾಗ ನೀನು ಗುಟ್ಕಾ ಇಟ್ಟುಕೊಳ್ಳುವ ಜಾಗವೇ ಆಗಿರಬೇಕು, ಕನ್ನಡಿಯಲ್ಲಿ ನೋಡು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಅಂಗಡಿಯವನು ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಕೊಡುತ್ತಾನೆ, ಬೆರೆಸುವ ಕೆಲಸ ನಿನ್ನದು. ಕಾನೂನು ಕಾಯಲು ಹೊರಟವನು ಮೊದಲು ಅದನ್ನು ಯೋಚಿಸು. ಈಗ ಓದುತ್ತಿರುವಲ್ಲೇ ಒಂದು ಪರೀಕ್ಷೆ ಮಾಡಿಕೋ: ತೋರು, ನಡು, ಉಂಗುರ, ಈ ಮೂರು ಬೆರಳುಗಳನ್ನು ಜೋಡಿಸಿ ಮೇಲೆ ಕೆಳಗೆ ಬರುವಂತೆ ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡು. ಹಿಡಿಸಿದರೆ ಸರಿ. ಎರಡೇ ಬೆರಳು ಹಿಡಿಸಿದರೆ, ಖಾರ ತಿಂದಾಗ ಕೆನ್ನೆಯ ಒಳಗೆ ಉರಿಯುತ್ತಿದ್ದರೆ, ಅಡಿಕೆಯಿಂದ ಬಾಯಿ ಬಿಗಿಯುವ ರೋಗ ಶುರುವಾಗಿರಬಹುದು. ಅದು ಕ್ಯಾನ್ಸರಿಗೂ ದಾರಿ. ಹಾಗಾಗಿದ್ದರೆ ಓಟದ ಮೈದಾನಕ್ಕೆ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗು. ಹಲ್ಲಿನ ಕೀವಿನಿಂದ ಜ್ವರ ಬಂದ ದಿನ ಓಡಲೇಬೇಡ.

ಪ್ರಶ್ನೆ: ನನ್ನ ಅತ್ತೆ ನಲವತ್ತು ವರ್ಷದಿಂದ ಮಿಶ್ರಿ ಉಜ್ಜುತ್ತಾರೆ. ಹಲ್ಲು ಕಪ್ಪಾಗಿದ್ದರೂ ಗಟ್ಟಿಯಿವೆ. ಪೇಸ್ಟ್ ಹಚ್ಚುವ ನಮಗೇ ತೊಂದರೆ ಹೆಚ್ಚು. ಮಿಶ್ರಿ ಒಳ್ಳೆಯದೇ? (ಔರಾದಿನ ಓದುಗರು)

ಉತ್ತರ: ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಕಪ್ಪು ಬಿದರಿ ಹೂಜಿಗೆ ಶೋಭೆ, ಬಾಯಿಗಲ್ಲ. ಅತ್ತೆಯವರು ಉಜ್ಜುವುದು ಹಲ್ಲಿಗಾಗಿ ಅಲ್ಲ, ತಂಬಾಕು ಕೊಡುವ ಕಿಕ್‌ಗಾಗಿ. ಸಂಶಯವಿದ್ದರೆ ಎರಡು ದಿನ ಡಬ್ಬಿ ಅಡಗಿಸಿಟ್ಟು ನೋಡಿ. ಅವರ ನಾಲಗೆಯ ಕೆಳಗೆ, ಕೆನ್ನೆಯ ಒಳಗೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಇದೆಯೇ ಎಂದು ಒಮ್ಮೆ ತೋರಿಸಿ. ಬಿ.ಪಿ.ಯನ್ನೂ ನೋಡಿಸಿ.

ಪ್ರಶ್ನೆ: ಸಣ್ಣ ಪ್ರಶ್ನೆ. ಹಲ್ಲುಜ್ಜಿ ವಾಕಿಂಗ್ ಹೋಗಬೇಕೋ, ವಾಕಿಂಗ್ ಮುಗಿಸಿ ಉಜ್ಜಬೇಕೋ? ನನಗೂ ನನ್ನ ಯಜಮಾನರಿಗೂ ದಿನಾ ಇದೇ ವಾದ. (ಸೇಡಂನ ಓದುಗರು)

ಉತ್ತರ: ಇಬ್ಬರೂ ಗೆದ್ದಿರಿ, ಯಾವಾಗ ಉಜ್ಜಿದರೂ ಆದೀತು. ಆದರೆ ರಾತ್ರಿ ಊಟವಾದ ಮೇಲೆ ಇಬ್ಬರಲ್ಲಿ ಯಾರು ಉಜ್ಜುತ್ತೀರಿ ಎಂದು ಬರೆದೇ ಇಲ್ಲವಲ್ಲ? ಮುಂದಿನ ಪತ್ರದಲ್ಲಿ ಅದನ್ನು ತಿಳಿಸಿ.